ಪೊರೆ ಶಸ್ತ್ರಚಿಕಿತ್ಸೆಯ ಕ್ಯಾಪ್ಸೂಲಿಗೆ ಲೈಟ್ನಿಂಗ್ ಬೈಸಲ್ಫೈಟ್ ಕಿಟ್ ಒಗ್ಗುತ್ತದೆಯೇ?

ಡಿಎನ್‌ಎಯ ಸೈಟೋಸಿನ್ ಎಂಬ ಅಕ್ಷರದ ಮೇಲೆ ಮೀಥೈಲ್ ಗುಂಪು ಎಲ್ಲೆಲ್ಲಿ ಕೂತಿದೆ (ಮೀಥೈಲೇಷನ್) ಎಂದು ಓದಲು ಬೈಸಲ್ಫೈಟ್ ಎಂಬ ರಾಸಾಯನಿಕ ಬಳಸುತ್ತಾರೆ. ಅದಕ್ಕೆಂದೇ ಇರುವ ಝೈಮೊ ರಿಸರ್ಚ್ ಕಂಪನಿಯ ‘ಈಝೀ ಡಿಎನ್‌ಎ ಮೀಥೈಲೇಷನ್-ಲೈಟ್ನಿಂಗ್’ ಕಿಟ್ ರಕ್ತದ ಡಿಎನ್‌ಎ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದರಲ್ಲಿ ವಿವಾದವಿಲ್ಲ. ಕೋಶಕೃಷಿಯ ಡಿಎನ್‌ಎ ಮೇಲೂ ಹಾಗೆಯೇ. ಆ ಎರಡರಲ್ಲೂ ಮಾದರಿಗೆ ಬರವಿಲ್ಲ. ಒಂದು ಸಲ ಕೆಟ್ಟರೆ ಇನ್ನೊಂದು ಸಲ ಮಾಡಬಹುದು. ಕಣ್ಣಿನ ಮಸೂರದ ಲೆಕ್ಕ ಬೇರೆ. ಇಲ್ಲಿ ಒಬ್ಬ ರೋಗಿಯಿಂದ ಸಿಗುವುದು ಮಸೂರವನ್ನು ಸುತ್ತಿದ ತೆಳು ಚೀಲದ (ಕ್ಯಾಪ್ಸೂಲ್) ಬೆಳ್ಳುಳ್ಳಿ ಸಿಪ್ಪೆಯಂಥ ಒಂದು ತುಣುಕು, ಅದೂ ಒಂದೇ ಸಲ. ಹಾಗಾಗಿ ಈ ವಿಮರ್ಶೆ ಪೂರ್ತಿ ಆ ತುಣುಕಿನ ದೃಷ್ಟಿಯಿಂದ.

ಮೊದಲೇ ಹೇಳಿಬಿಡಬಹುದು: ಕಿಟ್‌ನ ರಸಾಯನಶಾಸ್ತ್ರ ಗಟ್ಟಿಯಾಗಿದೆ, ಮಸೂರದ ಕೆಲಸಕ್ಕೆ ಕೊಳ್ಳಬಹುದು. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವ ಕನಿಷ್ಠ ಪ್ರಮಾಣವನ್ನು ನಂಬಿ ಕೊಂಡರೆ ಮೋಸ ಹೋಗುತ್ತೀರಿ. ಕಂಪನಿಯ ಮೋಸವಲ್ಲ ಅದು, ಅಂಕಗಣಿತದ್ದು.

ಮಸೂರದ ಡಿಎನ್‌ಎ ಎಲ್ಲಿದೆ?

ಮಸೂರದ ಬಹುಪಾಲು ಫೈಬರ್ ಕೋಶಗಳಿಂದ ತುಂಬಿದೆ. ಬೆಳಕು ಚದುರದೆ ಹಾದುಹೋಗಲೆಂದು ಆ ಕೋಶಗಳು ಬಲಿಯುತ್ತ ಹೋದಂತೆ ತಮ್ಮ ನ್ಯೂಕ್ಲಿಯಸ್, ಮೈಟೋಕಾಂಡ್ರಿಯಾ ಎಲ್ಲವನ್ನೂ ಕಳೆದುಕೊಳ್ಳುತ್ತವೆ. ಡಿಎನೇಸ್-2 ಬೀಟಾ ಎಂಬ ಕಿಣ್ವ ನ್ಯೂಕ್ಲಿಯಸ್ಸಿನ ಡಿಎನ್‌ಎಯನ್ನು ಅರೆದುಹಾಕುತ್ತದೆ. ಅಂದರೆ ಪೊರೆ ಕಟ್ಟಿ ಮಂಜಾಗುವ ಜಾಗದಲ್ಲಿ ಓದಲು ಡಿಎನ್‌ಎಯೇ ಇಲ್ಲ. ಉಳಿಯುವುದು ಮುಂಭಾಗದ ಕ್ಯಾಪ್ಸೂಲಿನ ಒಳಮೈಗೆ ಅಂಟಿಕೊಂಡ ಒಂದೇ ಪದರದ ಹೊದಿಕೆ ಕೋಶಗಳು, ಅಂದರೆ ಎಪಿಥೀಲಿಯಂ. ಶಸ್ತ್ರಚಿಕಿತ್ಸಕರು ಕ್ಯಾಪ್ಸುಲೊರೆಕ್ಸಿಸ್ ಮಾಡುವಾಗ ಸುಮಾರು 5 ಮಿಲಿಮೀಟರ್ ಅಗಲದ ವೃತ್ತವನ್ನು ಹರಿದು ತೆಗೆಯುತ್ತಾರಲ್ಲ, ಅದೇ ನಮ್ಮ ಮಾದರಿ.

ಈಗ ಗುಣಾಕಾರ. 5 ಮಿಲಿಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ ಸುಮಾರು 19.6 ಚದರ ಮಿಲಿಮೀಟರ್. ಒಂದು ಚದರ ಮಿಲಿಮೀಟರಿಗೆ ಐದು ಸಾವಿರದ ಆಸುಪಾಸು ಕೋಶಗಳೆಂದು ಹಿಡಿದರೆ ಒಟ್ಟು ಒಂದು ಲಕ್ಷದ ಹತ್ತಿರ. ಒಂದು ಮಾನವ ಕೋಶದಲ್ಲಿ 6.6 ಪಿಕೋಗ್ರಾಂ ಡಿಎನ್‌ಎ. ಕಾಗದದ ಮೇಲೆ 650 ನ್ಯಾನೊಗ್ರಾಂ ಆಯಿತು. ಕೈಗೆ ಅಷ್ಟು ಬರುವುದಿಲ್ಲ. ಫೋರ್ಸೆಪ್ಸ್ ಹಿಡಿದ ಅಂಚಿನಲ್ಲಿ ಕೋಶಗಳು ಕಿತ್ತುಹೋಗಿರುತ್ತವೆ, ಹೊರತೆಗೆಯುವಾಗ ಒಂದಿಷ್ಟು ಉದುರುತ್ತವೆ, ವಯಸ್ಸಾದವರಲ್ಲಿ ಕೋಶಸಾಂದ್ರತೆಯೂ ಇಳಿದಿರುತ್ತದೆ, ಡಿಎನ್‌ಎಯನ್ನು ಸೋಸಿ ಹಿಡಿಯುವ ಕಾಲಮ್ಮಿನಲ್ಲಿ ಇನ್ನಷ್ಟು ನಷ್ಟ. ಯೋಜನೆ ಹಾಕುವವರು ಒಂದು ಕ್ಯಾಪ್ಸೂಲಿಗೆ ಕೆಲವು ಹತ್ತು ನ್ಯಾನೊಗ್ರಾಂ ಎಂದೇ ಲೆಕ್ಕ ಇಟ್ಟುಕೊಳ್ಳಬೇಕು. ಹೆಚ್ಚು ಬಂದರೆ ಲಾಭ.

ಕಿಟ್‌ನ ಕೈಪಿಡಿ 100 ಪಿಕೋಗ್ರಾಂನಿಂದ 2 ಮೈಕ್ರೋಗ್ರಾಂವರೆಗೆ ನಡೆಯುತ್ತದೆ, 200ರಿಂದ 500 ನ್ಯಾನೊಗ್ರಾಂ ಉತ್ತಮ ಎನ್ನುತ್ತದೆ. ಎರಡೂ ನಿಜವೇ. 100 ಪಿಕೋಗ್ರಾಂ ಡಿಎನ್‌ಎಯಲ್ಲಿ ಪರಿವರ್ತನೆ ನಡೆಯುತ್ತದೆ, ತುಣುಕನ್ನು ನಕಲಿಸಿ ಹೆಚ್ಚಿಸುವ ಪಿಸಿಆರ್ ಮಾಡಿದರೆ ಜೆಲ್ ಮೇಲೆ ಪಟ್ಟಿಯೂ ಬರಬಹುದು. ಆದರೆ ಆ ಪಟ್ಟಿ ಎಷ್ಟು ಮೂಲ ಅಣುಗಳಿಂದ ಬಂತು ಎನ್ನುವುದೇ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇವೆ, ಏಕೆಂದರೆ ಇಡೀ ವಿಷಯ ನಿಂತಿರುವುದು ಅಲ್ಲೇ.

ಕಿಟ್‌ಗೆ ಮುಂಚಿನ ಹಂತ

ಕೈಪಿಡಿ ‘ಶುದ್ಧ ಡಿಎನ್‌ಎ 20 ಮೈಕ್ರೋಲೀಟರ್’ ಎಂದು ಆರಂಭವಾಗುತ್ತದೆ. ಮಸೂರದ ಮಾದರಿ ಹಾಳಾಗುವುದು ಹೆಚ್ಚಾಗಿ ಅದಕ್ಕೂ ಮೊದಲೇ.

ಆಪರೇಷನ್ ಟೇಬಲ್ಲಿನಿಂದ ಬರುವ ಕ್ಯಾಪ್ಸೂಲಿನ ಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ತುಂಬುವ ಲೋಳೆ, ವಿಸ್ಕೋಇಲಾಸ್ಟಿಕ್, ಮೆತ್ತಿಕೊಂಡಿರುತ್ತದೆ. ಅದರಲ್ಲಿನ ಹೈಲುರಾನಿಕ್ ಆಮ್ಲ ಪಿಸಿಆರ್‌ಗೆ ಅಡ್ಡಿಪಡಿಸುವ ವಸ್ತು. ತಣ್ಣನೆಯ ಬ್ಯಾಲೆನ್ಸ್ಡ್ ಸಾಲ್ಟ್ ದ್ರಾವಣದಲ್ಲಿ ಎರಡು ಬಾರಿ ಮೆಲ್ಲಗೆ ಅದ್ದಿ ತೆಗೆಯಬೇಕು. ಜೋರಾಗಿ ಪಿಪೆಟ್ ಮಾಡಿದರೆ ಎಪಿಥೀಲಿಯಂ ಕಳಚಿ ತೊಳೆದ ನೀರಿನ ಜೊತೆ ಹೋಗುತ್ತದೆ. ರಕ್ತದ ಕಲೆ ಕಂಡ ಕ್ಯಾಪ್ಸೂಲನ್ನು ಪಕ್ಕಕ್ಕಿಡಿ: ಬಿಳಿರಕ್ತಕಣಗಳ ಮೀಥೈಲೇಷನ್ ವಿನ್ಯಾಸವೇ ಬೇರೆ, ಒಟ್ಟು ಕೋಶಗಳು ಇಷ್ಟು ಕಡಿಮೆ ಇರುವಾಗ ಒಂದು ಹನಿ ರಕ್ತವೂ ಶೇಕಡಾವಾರನ್ನು ಅಲುಗಿಸುತ್ತದೆ. ತೊಳೆದ ತಕ್ಷಣ ಮೈನಸ್ 80 ಡಿಗ್ರಿಗೆ. ಮತ್ತು ಟ್ಯೂಬಿನ ಮೇಲೆ ರೋಗಿಯ ವಯಸ್ಸು, ಮಧುಮೇಹ ಇದೆಯೇ ಇಲ್ಲವೇ, ಪೊರೆಯ ಬಗೆ (ನ್ಯೂಕ್ಲಿಯರ್, ಕಾರ್ಟಿಕಲ್, ಹಿಂಭಾಗದ ಸಬ್‌ಕ್ಯಾಪ್ಸುಲರ್), ಎಡಗಣ್ಣೋ ಬಲಗಣ್ಣೋ ಎಂಬುದಕ್ಕೆ ಕೊಂಡಿಯಾಗುವ ಸಂಕೇತ ಅಂದೇ ಬರೆಯಬೇಕು. ಒಬ್ಬರ ಎರಡು ಕಣ್ಣುಗಳು ಎರಡು ಸ್ವತಂತ್ರ ಮಾದರಿಗಳಲ್ಲ. ಸಂಖ್ಯಾಶಾಸ್ತ್ರದ ಹೊತ್ತಿಗೆ ಇದು ನೆನಪಾದರೆ ತಡವಾಯಿತು. ಎಸೆಯುವ ತುಣುಕೆಂದು ಒಪ್ಪಿಗೆ ಪತ್ರ ಬಿಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ನೈತಿಕ ಸಮಿತಿಯ ಅನುಮತಿ ಇದಕ್ಕೂ ಬೇಕು.

ಡಿಎನ್‌ಎ ತೆಗೆಯಲು ಸಣ್ಣ ಮಾದರಿಗೆಂದೇ ಮಾಡಿದ ಕಾಲಮ್ ಬಳಸಿ, ಕಿಯಾಜೆನ್‌ನ ಕ್ಯೂಐಎಆಂಪ್ ಮೈಕ್ರೋ ಥರದ್ದು. ಪ್ರೋಟೀನೇಸ್-ಕೆ ಜೊತೆ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಕ್ಯಾಪ್ಸೂಲ್ ಕೊಲಾಜನ್ನಿನ ಗಟ್ಟಿ ಹಾಳೆ. ಅದು ಪೂರ್ತಿ ಕರಗದಿದ್ದರೂ ಚಿಂತೆಯಿಲ್ಲ, ಕೋಶಗಳು ಕರಗಿದರೆ ಸಾಕು. 20 ಮೈಕ್ರೋಲೀಟರಿನಲ್ಲೇ ಇಳಿಸಿಕೊಂಡರೆ ಮುಂದಿನ ಹಂತದ ಅಳತೆಗೆ ಸರಿಹೊಂದುತ್ತದೆ. ಇಲ್ಲೊಂದು ಬಲೆ ಇದೆ: ಸಣ್ಣ ಮಾದರಿ ಕಾಲಮ್ಮಿಗೆ ಹಿಡಿಯಲೆಂದು ಕ್ಯಾರಿಯರ್ ಆರ್‌ಎನ್‌ಎ ಹಾಕಿದ್ದರೆ, ಬೆಳಕಿನ ಹೀರಿಕೆಯಿಂದ ಅಳೆಯುವ ನ್ಯಾನೊಡ್ರಾಪ್ ಯಂತ್ರ ಅದನ್ನೂ ಎಣಿಸಿ ಮನಸ್ಸಿಗೆ ಹಿತವಾದ ಸಂಖ್ಯೆ ಕೊಡುತ್ತದೆ. ಕ್ಯೂಬಿಟ್‌ನ ಡಬಲ್ ಸ್ಟ್ರಾಂಡ್ ಹೈ-ಸೆನ್ಸಿಟಿವಿಟಿ ಪರೀಕ್ಷೆಯ (ಎರಡೆಳೆಯ ಡಿಎನ್‌ಎಯನ್ನಷ್ಟೇ ಎಣಿಸುವುದು) ಸಂಖ್ಯೆಯನ್ನೇ ನಂಬಬೇಕು. ಅದೇ ಕ್ಯಾಪ್ಸೂಲಿನಿಂದ ಆರ್‌ಎನ್‌ಎ ಕೂಡ ಬೇಕಿದ್ದರೆ ಆಲ್‌ಪ್ರೆಪ್ ಮೈಕ್ರೋ ತರಹದ ಎರಡನ್ನೂ ಬೇರ್ಪಡಿಸುವ ಕಿಟ್ ಮೊದಲೇ ತರಿಸಿಡಿ. ಒಂದು ತುಣುಕನ್ನು ಕತ್ತರಿಯಲ್ಲಿ ಎರಡು ಮಾಡುವುದು ಕೆಟ್ಟ ಉಪಾಯ. ಎರಡು ತುಂಡಲ್ಲೂ ಕೋಶಗಳು ಸಮನಾಗಿ ಬಂದಿವೆ ಎನ್ನಲು ಆಧಾರವೇ ಇರುವುದಿಲ್ಲ.

ಡಿಎನ್‌ಎ ಸಾಲದೆಂದು ಹಲವು ರೋಗಿಗಳ ಕ್ಯಾಪ್ಸೂಲ್ ಒಟ್ಟುಗೂಡಿಸುವ ಪದ್ಧತಿ ಇದೆ. ಶಿಫಾರಸು ಮಾಡಲಾಗದು. ರೋಗಿಯಿಂದ ರೋಗಿಗೆ ಇರುವ ವ್ಯತ್ಯಾಸವೇ ನಮಗೆ ಬೇಕಾದದ್ದು. ಒಟ್ಟುಗೂಡಿಸಿದರೆ ಮೊದಲು ಸಾಯುವುದು ಅದೇ.

ಕಿಟ್ ನಡೆಯುವ ರೀತಿ

ಬೈಸಲ್ಫೈಟ್ ಮೀಥೈಲ್ ಗುಂಪಿಲ್ಲದ ಸೈಟೋಸಿನ್ನನ್ನು ಯುರಾಸಿಲ್ ಮಾಡುತ್ತದೆ. ಮೀಥೈಲ್ ಇರುವ ಸೈಟೋಸಿನ್ ಹಾಗೇ ಉಳಿಯುತ್ತದೆ. ಪಿಸಿಆರ್ ಆದಮೇಲೆ ಯುರಾಸಿಲ್ ಟಿ (ಥೈಮಿನ್) ಆಗಿ ಕಾಣುತ್ತದೆ. 1992ರಲ್ಲಿ ಫ್ರೋಮರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಈ ವಿಧಾನದ ತತ್ವ ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ವೇಗ.

ಲೈಟ್ನಿಂಗ್‌ನ ದೊಡ್ಡ ಅನುಕೂಲ ಅದರ ಕನ್ವರ್ಷನ್ ರೀಏಜೆಂಟ್ ದ್ರವವಾಗಿಯೇ ಸಿದ್ಧ ಬರುವುದು. ಇದೇ ಕಂಪನಿಯ ಗೋಲ್ಡ್ ಕಿಟ್‌ನಲ್ಲಿ ಪುಡಿಗೆ 900 ಮೈಕ್ರೋಲೀಟರ್ ನೀರು, 300 ಮೈಕ್ರೋಲೀಟರ್ ಡೈಲ್ಯೂಷನ್ ಬಫರ್, 50 ಮೈಕ್ರೋಲೀಟರ್ ಡಿಸಾಲ್ವಿಂಗ್ ಬಫರ್ ಹಾಕಿ ಹತ್ತು ನಿಮಿಷ ಅಲ್ಲಾಡಿಸಬೇಕು. ಪೂರ್ತಿ ಕರಗಿತೋ ಇಲ್ಲವೋ ಎಂಬ ಅನುಮಾನ ಪ್ರತಿ ಬ್ಯಾಚಿಗೂ ಇದ್ದದ್ದೇ. ಆ ಅನುಮಾನ ಇಲ್ಲಿಲ್ಲ. ಬ್ಯಾಚಿನಿಂದ ಬ್ಯಾಚಿಗೆ ವ್ಯತ್ಯಾಸ ಕಡಿಮೆಯಾಗುವುದು ಮಸೂರದ ಅಧ್ಯಯನಕ್ಕೆ ತುಂಬಾ ಮುಖ್ಯ, ಏಕೆಂದರೆ ಮಾದರಿಗಳು ಆಪರೇಷನ್ ಪಟ್ಟಿಯಂತೆ ತಿಂಗಳುಗಟ್ಟಲೆ ಚದುರಿ ಬರುತ್ತವೆ.

20 ಮೈಕ್ರೋಲೀಟರ್ ಡಿಎನ್‌ಎಗೆ 130 ಮೈಕ್ರೋಲೀಟರ್ ರೀಏಜೆಂಟ್. 98 ಡಿಗ್ರಿಯಲ್ಲಿ 8 ನಿಮಿಷ, 54 ಡಿಗ್ರಿಯಲ್ಲಿ 60 ನಿಮಿಷ, ಆಮೇಲೆ 4 ಡಿಗ್ರಿಯಲ್ಲಿ ಗರಿಷ್ಠ 20 ಗಂಟೆ ಇಡಬಹುದು. ಗೋಲ್ಡ್‌ನಲ್ಲಿ ಇದೇ ಕೆಲಸಕ್ಕೆ 64 ಡಿಗ್ರಿಯಲ್ಲಿ ಎರಡೂವರೆ ಗಂಟೆ.

ಒಟ್ಟು 150 ಮೈಕ್ರೋಲೀಟರ್ ಎನ್ನುವುದನ್ನು ಗಮನಿಸಿ. ಎಷ್ಟೋ ಪಿಸಿಆರ್ ಯಂತ್ರಗಳ ಬ್ಲಾಕ್ 100 ಮೈಕ್ರೋಲೀಟರಿಗಷ್ಟೇ ಲೆಕ್ಕ ಹಾಕಿದ್ದು. ಮೇಲಿನ 50 ಮೈಕ್ರೋಲೀಟರ್ ಬ್ಲಾಕಿನಿಂದ ಹೊರಗೆ ಉಳಿದು, 98 ಡಿಗ್ರಿ ತಲುಪದೆ, ಡಿಎನ್‌ಎಯ ಎರಡು ಎಳೆಗಳು ಪೂರ್ತಿ ಬಿಚ್ಚಿಕೊಳ್ಳದೆ ಇರಬಹುದು. ಬಿಚ್ಚದ ಎಳೆಯಲ್ಲಿ ಬೈಸಲ್ಫೈಟ್ ಕೆಲಸ ಮಾಡುವುದಿಲ್ಲ. ಉಪಾಯ ಸರಳ: ಚೆನ್ನಾಗಿ ಬೆರೆಸಿ 75-75ರಂತೆ ಎರಡು ಟ್ಯೂಬಿಗೆ ಹಂಚಿ, ಕೊನೆಗೆ ಒಂದೇ ಕಾಲಮ್ಮಿಗೆ ಸುರಿಯಿರಿ. ಬಿಸಿ ಮುಚ್ಚಳ ಆನ್ ಇರಲಿ. ಮುಚ್ಚಳದಲ್ಲಿ ಹನಿ ಕಟ್ಟಿದರೆ ಆ ಹನಿಯೊಳಗಿನ ಡಿಎನ್‌ಎ ಪರಿವರ್ತನೆಯಾಗದೆ ಉಳಿದು ಕೊನೆಗೆ ಎಲ್ಲದರ ಜೊತೆ ಸೇರುತ್ತದೆ. ಕಾರ್ಯಕ್ರಮ ಹಾಕುವ ಮುನ್ನ ಟ್ಯೂಬನ್ನು ಒಂದು ಕ್ಷಣ ಸ್ಪಿನ್ ಮಾಡುವುದನ್ನು ಮರೆಯಬೇಡಿ.

ಕಾಲಮ್ಮಿಗೆ ಮೊದಲು 600 ಮೈಕ್ರೋಲೀಟರ್ ಬೈಂಡಿಂಗ್ ಬಫರ್, ಆಮೇಲೆ ಮಾದರಿ. ಮುಚ್ಚಿ ಕೆಲವು ಸಲ ತಲೆಕೆಳಗೆ ಮಾಡಿ ಬೆರೆಸಿ, 10,000 ಜಿಗೆ ಕಡಿಮೆಯಿಲ್ಲದಂತೆ 30 ಸೆಕೆಂಡ್ ಸ್ಪಿನ್. 100 ಮೈಕ್ರೋಲೀಟರ್ ವಾಷ್ ಬಫರ್, ಸ್ಪಿನ್. ನಂತರ 200 ಮೈಕ್ರೋಲೀಟರ್ ಡಿಸಲ್ಫೋನೇಷನ್ ಬಫರ್ ಹಾಕಿ ಕೋಣೆಯ ಉಷ್ಣತೆಯಲ್ಲಿ 15ರಿಂದ 20 ನಿಮಿಷ. ಸ್ಪಿನ್, 200 ಮೈಕ್ರೋಲೀಟರ್ ವಾಷ್ ಎರಡು ಸಲ, ಕೊನೆಗೆ 10 ಮೈಕ್ರೋಲೀಟರಿನಲ್ಲಿ ಇಳಿಸುವುದು.

ಕೈಪಿಡಿಯ ‘ಕೋಣೆಯ ಉಷ್ಣತೆ’ ಎಂದರೆ 20ರಿಂದ 30 ಡಿಗ್ರಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಎಸಿ ಇಲ್ಲದ ಕೋಣೆ ಎಂದರೆ ಅದಲ್ಲ. ಈ ಬಫರ್ ಕ್ಷಾರೀಯ. ಬಿಸಿ ಹೆಚ್ಚಾದರೆ, ಹೊತ್ತು ಮೀರಿದರೆ, ಈಗಾಗಲೇ ಪೆಟ್ಟು ತಿಂದ ಡಿಎನ್‌ಎ ಇನ್ನಷ್ಟು ಮುರಿಯುತ್ತದೆ. ಒಟ್ಟಿಗೆ ಇಪ್ಪತ್ತನಾಲ್ಕು ಕಾಲಮ್ ಹಿಡಿದು ಕೂತವರಿಗೆ ಮೊದಲನೆಯದಕ್ಕೂ ಕೊನೆಯದಕ್ಕೂ ಐದಾರು ನಿಮಿಷದ ಅಂತರ ಬಂದೇ ಬರುತ್ತದೆ. ಎಂಟರ ಗುಂಪು ಮಾಡಿಕೊಳ್ಳುವುದು ಲೇಸು. ಮತ್ತು ಪೊರೆಯ ಮಾದರಿ ಹಾಗೂ ಹೋಲಿಕೆಯ ತಿಳಿಮಸೂರದ (ಪೊರೆ ಬಾರದ) ಮಾದರಿ ಪ್ರತಿ ಗುಂಪಿನಲ್ಲೂ ಬೆರೆತಿರಲಿ. ಪೊರೆಯವೆಲ್ಲ ಬೆಳಿಗ್ಗೆ, ತಿಳಿಯವೆಲ್ಲ ಮಧ್ಯಾಹ್ನ ಎಂದು ಮಾಡಿದರೆ ಕೊನೆಗೆ ಅಳೆದದ್ದು ಬೆಳಿಗ್ಗೆ ಮತ್ತು ಮಧ್ಯಾಹ್ನದ ವ್ಯತ್ಯಾಸವಾಗಿರಬಹುದು.

ಕೊನೆಯ ವಾಷ್ ಆದಮೇಲೆ ಖಾಲಿ ಕಾಲಮ್ಮನ್ನು ಹೊಸ ಟ್ಯೂಬಿನಲ್ಲಿಟ್ಟು ಎರಡು ನಿಮಿಷ ಒಣ ಸ್ಪಿನ್ ಕೊಡುವುದು ಕೈಪಿಡಿಯಲ್ಲಿಲ್ಲ, ಆದರೆ ಕೊಡಬೇಕು. 10 ಮೈಕ್ರೋಲೀಟರ್ ಎಂದರೆ ಎಷ್ಟು ಸಣ್ಣದೆಂದರೆ ಅದರಲ್ಲಿ ಒಂದೆರಡು ಮೈಕ್ರೋಲೀಟರ್ ಎಥೆನಾಲ್ ಉಳಿದರೂ ಪಿಸಿಆರ್ ಕೆಡುತ್ತದೆ. ಇಳಿಸುವ ಬಫರನ್ನು ಗೋಡೆಗಲ್ಲ, ಕಾಲಮ್ಮಿನೊಳಗಿನ ಸೋಸುಹಾಳೆಯ ನಡುಮಧ್ಯಕ್ಕೆ ಹಾಕಿ ಒಂದು ನಿಮಿಷ ಕಾಯಿರಿ.

ವಾಷ್ ಬಫರಿಗೆ ಎಥೆನಾಲ್ ನೀವೇ ಸೇರಿಸಬೇಕು: 50 ಮಾದರಿಯ ಪೆಟ್ಟಿಗೆಯ 6 ಮಿಲಿಲೀಟರಿಗೆ 24 ಮಿಲಿಲೀಟರ್ ಶುದ್ಧ ಎಥೆನಾಲ್, 200ರ ಪೆಟ್ಟಿಗೆಯ 24ಕ್ಕೆ 96. ನಮ್ಮಲ್ಲಿ ಶುದ್ಧ ಎಥೆನಾಲ್ ತರಿಸಲು ಅಬಕಾರಿ ಪರವಾನಗಿಯ ಓಡಾಟವಿದೆ. ಹೊಸ ಲ್ಯಾಬ್‌ಗಳು ಕಿಟ್ ಬಂದಮೇಲೆ ಇದಕ್ಕಾಗಿ ಕಾದು ಕೂರುವುದುಂಟು. ಡಿನೇಚರ್ಡ್ ಸ್ಪಿರಿಟ್ ಸುರಿದು ಕೆಲಸ ಸಾಗಿಸುವ ಯೋಚನೆ ಮಾತ್ರ ಬೇಡ.

ಎರಡು ಸುಳ್ಳುಗಳು

ಮಸೂರ ಕ್ಷೇತ್ರದಲ್ಲಿ ಮೀಥೈಲೇಷನ್ ಬಗ್ಗೆ ಹೆಚ್ಚು ಉಲ್ಲೇಖವಾಗುವ ಎರಡು ಫಲಿತಾಂಶಗಳಿವೆ. ಒಂದು, ವಯೋಸಹಜ ನ್ಯೂಕ್ಲಿಯರ್ ಪೊರೆಯಲ್ಲಿ ಸಿಆರ್‌ವೈಎಎ ಜೀನಿನ ಪ್ರೊಮೋಟರ್ ಭಾಗದಲ್ಲಿ (ಜೀನನ್ನು ಆನ್-ಆಫ್ ಮಾಡುವ ಜಾಗ) ಮೀಥೈಲೇಷನ್ ಏರಿರುತ್ತದೆ, ಆ ಜೀನಿನಿಂದ ಬರುವ ಆಲ್ಫಾ-ಎ ಕ್ರಿಸ್ಟಲಿನ್ ಕಡಿಮೆಯಾಗುತ್ತದೆ ಎಂದು ಚೀನಾದ ತಂಡವೊಂದು 2012ರಲ್ಲಿ ತೋರಿಸಿದ್ದು. ಆಲ್ಫಾ ಕ್ರಿಸ್ಟಲಿನ್ ಇತರ ಪ್ರೋಟೀನುಗಳು ಗಂಟುಕಟ್ಟದಂತೆ ಕಾಯುವ ಅಣು, ಹಾಗಾಗಿ ಅದರ ಕೊರತೆಗೂ ಮಬ್ಬಿಗೂ ನಂಟು ಕಲ್ಪಿಸುವುದು ಸುಲಭ. ಇನ್ನೊಂದು, ಅದೇ ವರ್ಷ ಅಮೆರಿಕದ ನೆಬ್ರಾಸ್ಕಾದಿಂದ ಬಂದದ್ದು: ಮಧುಮೇಹಿಗಳ ಪೊರೆಯಲ್ಲಿ ಕೀಪ್1 ಜೀನಿನ ಪ್ರೊಮೋಟರ್ ಮೀಥೈಲೇಷನ್ ಕಳೆದುಕೊಳ್ಳುತ್ತದೆ, ಕೀಪ್1 ಹೆಚ್ಚಾಗುತ್ತದೆ, ಅದು ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ನಾಶಕ್ಕೆ ದೂಡುತ್ತದೆ, ಮಸೂರದ ಆಕ್ಸಿಡೀಕರಣ-ವಿರೋಧಿ ರಕ್ಷಣೆ ಕುಸಿಯುತ್ತದೆ. ಒಂದರಲ್ಲಿ ಏರಿಕೆ, ಇನ್ನೊಂದರಲ್ಲಿ ಇಳಿಕೆ.

ಈಗ ನೋಡಿ ತಮಾಷೆ. ಬೈಸಲ್ಫೈಟ್ ಅರ್ಧಂಬರ್ಧ ನಡೆದರೆ ಪರಿವರ್ತನೆಯಾಗದ ಸೈಟೋಸಿನ್ ಥೇಟ್ ಮೀಥೈಲ್ ಇದ್ದಂತೆಯೇ ಕಾಣುತ್ತದೆ. ಅಂದರೆ ಕೆಟ್ಟ ಪ್ರಯೋಗ ಸಿಆರ್‌ವೈಎಎ ಮೇಲೆ ನಾವು ನಿರೀಕ್ಷಿಸಿದ ಉತ್ತರವನ್ನೇ ಕೊಡುತ್ತದೆ. ಇತ್ತ ಪಿಸಿಆರ್, ಪರಿವರ್ತಿತ ಡಿಎನ್‌ಎಯಲ್ಲಿ ಮೀಥೈಲ್ ಇಲ್ಲದ, ಎ-ಟಿ ಹೆಚ್ಚಿರುವ ಪ್ರತಿಗಳನ್ನೇ ಸಾಮಾನ್ಯವಾಗಿ ಹೆಚ್ಚು ಸಲೀಸಾಗಿ ಬೆಳೆಸುತ್ತದೆ. ಅಂದರೆ ಆ ಪಕ್ಷಪಾತ ಕೀಪ್1 ಮೇಲೆ ನಿರೀಕ್ಷಿಸಿದ ಉತ್ತರ ಕೊಡುತ್ತದೆ. ಎರಡೂ ತಪ್ಪುಗಳು ಹೊಗಳಿಕೆಯ ವೇಷದಲ್ಲಿ ಬರುತ್ತವೆ. ಆ ಅಧ್ಯಯನಗಳು ತಪ್ಪೆಂದು ಹೇಳುತ್ತಿಲ್ಲ. ಅವನ್ನು ಮತ್ತೆ ಮಾಡಲು ಹೊರಟವರು ಕಿಟ್‌ನಿಂದ ಏನು ಕೇಳಬೇಕು ಎನ್ನುವುದು ವಿಷಯ.

ಮೊದಲ ಸುಳ್ಳನ್ನು ಹಿಡಿಯುವುದು ಸುಲಭ. ಸಿಪಿಜಿ (ಸಿ ಆದಮೇಲೆ ಜಿ ಬರುವ ಜಾಗ) ಅಲ್ಲದ ಜಾಗದ ಸೈಟೋಸಿನ್‌ಗಳು ಇಂಥ ದೇಹಕೋಶಗಳಲ್ಲಿ ಮೀಥೈಲ್ ಆಗಿರುವುದು ತೀರಾ ವಿರಳ, ಆದ್ದರಿಂದ ಅವೆಲ್ಲ ಟಿ ಆಗಿರಬೇಕು. ಪ್ರತಿ ಕ್ಲೋನಿನಲ್ಲಿ (ಬ್ಯಾಕ್ಟೀರಿಯಾದಲ್ಲಿ ಬೇರ್ಪಡಿಸಿ ಓದುವ ಒಂದೊಂದು ಪಿಸಿಆರ್ ಪ್ರತಿ) ಅವನ್ನು ಎಣಿಸಿ. ಕಂಪನಿ ಶೇಕಡ 99.5ಕ್ಕಿಂತ ಹೆಚ್ಚು ಪರಿವರ್ತನೆ ಎನ್ನುತ್ತದೆ. 98ಕ್ಕಿಂತ ಕೆಳಗಿನ ಕ್ಲೋನನ್ನು ಎಸೆಯುವುದು ಒಳ್ಳೆಯ ನಿಯಮ. ಒಂದು ಕ್ಲೋನಿನಲ್ಲಿ ಉಳಿದ ಸಿ ಎಲ್ಲ ಒಂದೇ ಕಡೆ ಗುಂಪಾಗಿದ್ದರೆ ಆ ತುಂಡು ಪೂರ್ತಿ ಬಿಚ್ಚಿರಲಿಲ್ಲ ಎಂದರ್ಥ, ಸರಾಸರಿ ಚೆನ್ನಾಗಿದ್ದರೂ ಅದನ್ನು ಕೈಬಿಡಿ. ಮೀಥೈಲೇಷನ್-ಸ್ಪೆಸಿಫಿಕ್ ಪಿಸಿಆರ್ ಬಳಸುವವರಿಗೆ ಈ ಎಣಿಕೆ ಮಾಡುವ ಅವಕಾಶವೇ ಇಲ್ಲ, ಪಟ್ಟಿ ಬಂತು ಅಥವಾ ಬರಲಿಲ್ಲ ಅಷ್ಟೇ. ಮಸೂರದ ಕೆಲಸದಲ್ಲಿ ಆ ವಿಧಾನವನ್ನು ಬಿಟ್ಟುಬಿಡುವುದು ಉತ್ತಮ.

ಎರಡನೆಯದಕ್ಕೆ ಖರ್ಚಿದೆ. ಪೂರ್ತಿ ಮೀಥೈಲ್ ಆದ ಮಾನವ ಡಿಎನ್‌ಎ ಪ್ರಮಾಣಮಾದರಿಯನ್ನೂ ಮೀಥೈಲ್ ಇಲ್ಲದ್ದನ್ನೂ 0, 25, 50, 75, 100ರ ಪ್ರಮಾಣದಲ್ಲಿ ಬೆರೆಸಿ, ನಿಮ್ಮ ಪ್ರೈಮರಿನಿಂದಲೇ (ಪಿಸಿಆರ್ ಶುರುಮಾಡುವ ಸಣ್ಣ ಡಿಎನ್‌ಎ ತುಂಡು) ಓಡಿಸಿ. 50 ಹಾಕಿದಾಗ 30 ಓದಿದರೆ ಆ ಪ್ರೈಮರ್ ಪಕ್ಷಪಾತಿ. ಪ್ರೈಮರ್ ಅಂಟಿಕೊಳ್ಳುವ (ಆನೀಲಿಂಗ್) ಉಷ್ಣತೆಯನ್ನು ಒಂದೆರಡು ಡಿಗ್ರಿ ಏರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲದಿದ್ದರೆ ಪ್ರೈಮರನ್ನೇ ಬದಲಿಸಬೇಕು. ಈ ಮಿಶ್ರಣವನ್ನು ಕ್ಯಾಪ್ಸೂಲಿನಿಂದ ಸಿಗುವಷ್ಟೇ ನ್ಯಾನೊಗ್ರಾಂ ಹಾಕಿ ಮಾಡಬೇಕು, ಅರ್ಧ ಮೈಕ್ರೋಗ್ರಾಂ ಹಾಕಿ ಮಾಡಿದರೆ ಏನೂ ತಿಳಿಯದು.

ಏಕೆಂದರೆ ಅಣುಗಳ ಎಣಿಕೆ ಹೀಗಿದೆ. 50 ನ್ಯಾನೊಗ್ರಾಂ ಎಂದರೆ ಸುಮಾರು 15,000 ಹ್ಯಾಪ್ಲಾಯ್ಡ್ ಜೀನೋಮ್, ಅಂದರೆ ಪ್ರತಿ ಜೀನಿನ ಅಷ್ಟು ಪ್ರತಿಗಳು. ಬೈಸಲ್ಫೈಟ್ ಡಿಎನ್‌ಎಯನ್ನು ಮುರಿಯುತ್ತದೆ. ಕಂಪನಿ ಹೇಳುವ ಶೇಕಡ 80ರ ಮರುಪಡೆಯುವಿಕೆ ತೂಕದ ಲೆಕ್ಕ, ಉದ್ದದ್ದಲ್ಲ. 250 ಬೇಸ್‌ನಷ್ಟು ಉದ್ದ ಅಖಂಡವಾಗಿ ಉಳಿದವು ಹತ್ತರಲ್ಲಿ ಒಂದು ಎಂದು ಹಿಡಿದರೆ 1,500. ಅದು 10 ಮೈಕ್ರೋಲೀಟರಿನಲ್ಲಿದೆ, ಒಂದು ಮೈಕ್ರೋಲೀಟರಿಗೆ 150. ಪರವಾಗಿಲ್ಲ, ಕೆಲಸ ಆಗುತ್ತದೆ. ಅದೇ 5 ನ್ಯಾನೊಗ್ರಾಂನಿಂದ ಶುರುಮಾಡಿದರೆ ಮೈಕ್ರೋಲೀಟರಿಗೆ 15 ಅಣು. ಅದರಿಂದ ಇಪ್ಪತ್ತು ಕ್ಲೋನ್ ಓದಿದರೆ ಒಂದೇ ಅಣುವನ್ನು ಎರಡು ಮೂರು ಸಲ ಓದಿ ಬೇರೆಬೇರೆ ಕೋಶಗಳೆಂದು ಬರೆದಂತೆ. 100 ಪಿಕೋಗ್ರಾಂ? ಇಡೀ ಟ್ಯೂಬಿನಲ್ಲಿ ಮೂರು ಅಣು. ಆದ್ದರಿಂದ ಒಂದು ಮೈಕ್ರೋಲೀಟರ್ ಬದಲು ಮೂರು-ನಾಲ್ಕು ಹಾಕಿ, ಎರಡು ಸ್ವತಂತ್ರ ಪಿಸಿಆರ್ ಮಾಡಿ, ಎರಡರ ನಡುವಿನ ಅಂತರವನ್ನೂ ವರದಿಯಲ್ಲಿ ಬರೆಯಿರಿ. ಆರಂಭದ ಡಿಎನ್‌ಎ 20 ನ್ಯಾನೊಗ್ರಾಂಗಿಂತ ಕಡಿಮೆ ಇರುವ ಕ್ಯಾಪ್ಸೂಲನ್ನು ಶೇಕಡಾವಾರು ಹೋಲಿಕೆಗೆ ಬಳಸದಿರುವುದೇ ಒಳ್ಳೆಯದು.

ಪಿಸಿಆರ್ ಬಗ್ಗೆ ಚಿಕ್ಕದಾಗಿ: ಹಾಟ್-ಸ್ಟಾರ್ಟ್ ಟ್ಯಾಕ್ ಬಳಸಿ, ಪ್ರೂಫ್‌ರೀಡಿಂಗ್ ಕಿಣ್ವಗಳು ಯುರಾಸಿಲ್ ಕಂಡಲ್ಲಿ ನಿಂತುಬಿಡುತ್ತವೆ. ಪ್ರೈಮರ್ 26ರಿಂದ 30 ಬೇಸ್, ಒಳಗೆ ಸಿಪಿಜಿ ಬೇಡ, ಉತ್ಪನ್ನ 150ರಿಂದ 300ರೊಳಗೆ, 35ರಿಂದ 40 ಸುತ್ತು. ಪರಿವರ್ತನೆಯಾದ ಡಿಎನ್‌ಎ ಒಂಟಿ ಎಳೆಯದು, ಆದ್ದರಿಂದ ಅಳೆಯುವಾಗ ಆರ್‌ಎನ್‌ಎಯಂತೆ, ಬೆಳಕಿನ ಹೀರಿಕೆಯ (ಅಬ್ಸಾರ್ಬೆನ್ಸ್) ಒಂದು ಏಕಕಕ್ಕೆ ಮಿಲಿಲೀಟರಿಗೆ 40 ಮೈಕ್ರೋಗ್ರಾಂ ಎಂದು ಹಿಡಿಯಬೇಕು. ಕ್ಯೂಬಿಟ್‌ನ ಡಬಲ್ ಸ್ಟ್ರಾಂಡ್ ಪರೀಕ್ಷೆ ಈ ಹಂತದಲ್ಲಿ ಸೊನ್ನೆ ತೋರಿಸಿದರೆ ಗಾಬರಿ ಬೇಡ.

ಈ ಕಿಟ್ ಏನು ತೋರಿಸುವುದಿಲ್ಲ

5-ಮೀಥೈಲ್ ಸೈಟೋಸಿನ್ ಮತ್ತು 5-ಹೈಡ್ರಾಕ್ಸಿಮೀಥೈಲ್ ಸೈಟೋಸಿನ್ ಎರಡನ್ನೂ ಬೈಸಲ್ಫೈಟ್ ಒಂದೇ ಎಂದು ಓದುತ್ತದೆ. ಮೊದಲನೆಯದನ್ನು ಎರಡನೆಯದಾಗಿಸುವ ಟೆಟ್ ಕಿಣ್ವಗಳ ಪಾತ್ರ ಹುಡುಕುವವರಿಗೆ ಇದು ಸಾಲದು, ಆಕ್ಸಿಡೇಟಿವ್ ಬೈಸಲ್ಫೈಟ್ ಬೇಕು. ಮಾದರಿ ತೀರಾ ಕಡಿಮೆಯಿದ್ದು ಇಡೀ ಜೀನೋಮ್ ಓದುವ ಆಸೆಯಿದ್ದರೆ ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್‌ನ ಇಎಂ-ಸೆಕ್ ನೋಡಿ: ಟೆಟ್2 ಮತ್ತು ಅಪೊಬೆಕ್ ಕಿಣ್ವಗಳಿಂದಲೇ ಪರಿವರ್ತನೆ ಮಾಡುವುದರಿಂದ ಡಿಎನ್‌ಎ ಅಷ್ಟು ಮುರಿಯುವುದಿಲ್ಲ. ಹಂತಗಳು ಹೆಚ್ಚು, ಖರ್ಚೂ ಹೆಚ್ಚು, ಕಿಣ್ವಗಳಿಗೆ ಮೈನಸ್ 20ರ ಸರಪಳಿ ಕಡಿಯಬಾರದು. ನಾಲ್ಕೈದು ಜೀನ್ ನೋಡುವವರಿಗೆ ಅದು ಅತಿಯಾಯಿತು. ಲಕ್ಷಗಟ್ಟಲೆ ಸಿಪಿಜಿಗಳನ್ನು ಒಮ್ಮೆಗೇ ಓದುವ ಇಲ್ಯುಮಿನಾದ ಎಪಿಕ್ ಅರೇ ಕಡೆಗೆ ಹೋಗುವವರು ಝೈಮೊದ ಹಳೆಯ ‘ಈಝೀ ಡಿಎನ್‌ಎ ಮೀಥೈಲೇಷನ್’ ಕಿಟ್ಟನ್ನೇ ಕೊಳ್ಳಲಿ, ಇಲ್ಯುಮಿನಾ ತನ್ನ ವಿಧಾನಕ್ಕೆ ಹೊಂದಿಸಿಕೊಂಡಿರುವುದು ಅದನ್ನು: 95 ಡಿಗ್ರಿ 30 ಸೆಕೆಂಡ್, 50 ಡಿಗ್ರಿ ಒಂದು ಗಂಟೆ, ಹೀಗೆ 16 ಸುತ್ತು. ಆದರೆ ಅರೇಗೆ 250 ನ್ಯಾನೊಗ್ರಾಂ ಬೇಕು, ಎಲ್ಲ ಕ್ಯಾಪ್ಸೂಲೂ ಅಷ್ಟು ಕೊಡುವುದಿಲ್ಲ.

ಮಸೂರ ಹುಟ್ಟುವ ಪ್ರಕ್ರಿಯೆಯನ್ನು ಅಭ್ಯಾಸ ಮಾಡುವವರು ಇದನ್ನು ಇನ್ನೂ ಎಚ್ಚರದಿಂದ ಕೊಳ್ಳಬೇಕು. ಇಲಿಯ ಭ್ರೂಣದಲ್ಲಿ ಮಸೂರವಾಗಬೇಕಾದ ಪದರದಿಂದ ಸಿಬಿಪಿ ಮತ್ತು ಪಿ300 ಎರಡನ್ನೂ ತೆಗೆದರೆ ಮಸೂರವೇ ಮೂಡುವುದಿಲ್ಲ. ಅವು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನಿಗೆ ಅಸಿಟೈಲ್ ಹಚ್ಚುವ ಪ್ರೋಟೀನುಗಳು. ಆ ಸುತ್ತಿನ ಕಟ್ಟನ್ನು (ಕ್ರೊಮ್ಯಾಟಿನ್) ಸರಿಸುವ ಎಸ್‌ಎನ್‌ಎಫ್2ಎಚ್ ಇಲ್ಲದಿದ್ದರೆ ಫೈಬರ್ ಕೋಶಗಳು ನ್ಯೂಕ್ಲಿಯಸ್ಸನ್ನು ಕಳಚಿಕೊಳ್ಳುವುದಿಲ್ಲ. ಇವೆರಡೂ ಡಿಎನ್‌ಎ ಮೀಥೈಲೇಷನ್ ಪದರದ ಆಚೆಗಿನ ಘಟನೆಗಳು, ಯಾವ ಬೈಸಲ್ಫೈಟ್ ಕಿಟ್ಟಿಗೂ ಕಾಣುವಂಥವಲ್ಲ. ಆ ಕೆಲಸಕ್ಕೆ ಕ್ರೊಮ್ಯಾಟಿನ್ನನ್ನೇ ನೋಡುವ ಅಟ್ಯಾಕ್-ಸೆಕ್ ಅಥವಾ ಕಟ್-ಅಂಡ್-ರನ್ ಬೇಕು. ವಯಸ್ಕರ ಕ್ಯಾಪ್ಸೂಲಿನಲ್ಲೂ ಒಂದು ಮಿತಿ ನೆನಪಿರಲಿ: ಸಿಗುವುದು ನಡುಭಾಗದ, ಬಹುಪಾಲು ವಿಭಜನೆ ನಿಲ್ಲಿಸಿದ ಕೋಶಗಳು, ಹೊಸ ಫೈಬರ್ ಹುಟ್ಟುವ ಅಂಚಿನ ವಲಯ ಕಣ್ಣಿನಲ್ಲೇ ಉಳಿದಿರುತ್ತದೆ.

ಹೋಲಿಕೆಗೆ ತಿಳಿಮಸೂರ ಎಲ್ಲಿಂದ ತರುವುದು ಎನ್ನುವುದಕ್ಕೆ ಕಿಟ್ ಉತ್ತರ ಕೊಡಲಾರದು, ಆದರೂ ಹಣ ಪೋಲಾಗುವುದು ಇಲ್ಲೇ. ತೀವ್ರ ಸಮೀಪದೃಷ್ಟಿಗೆಂದು ತೆಗೆದ ತಿಳಿಮಸೂರದ ರೋಗಿಗಳು ಸಾಮಾನ್ಯವಾಗಿ ವಯಸ್ಸಿನಲ್ಲಿ ಕಿರಿಯರು, ಮತ್ತು ಮೀಥೈಲೇಷನ್ ವಯಸ್ಸಿನೊಂದಿಗೇ ಬದಲಾಗುತ್ತದೆ. ನೇತ್ರಬ್ಯಾಂಕಿನ ದಾನಿಗಳ ಕಣ್ಣಿನಲ್ಲಿ ವಯಸ್ಸು ಹೊಂದಿಸಬಹುದು, ಆದರೆ ಸಾವಿನ ನಂತರದ ಗಂಟೆಗಳು ಡಿಎನ್‌ಎಯ ಉದ್ದವನ್ನು ತಿಂದಿರುತ್ತವೆ. ಬೈಸಲ್ಫೈಟ್ ಅದನ್ನು ಇನ್ನಷ್ಟು ಚಿಕ್ಕದು ಮಾಡುತ್ತದೆ. ಎರಡರಲ್ಲಿ ಎರಡನೆಯದು ಮೇಲು, ಉತ್ಪನ್ನದ ಉದ್ದ 150ಕ್ಕೆ ಇಳಿಸಿಕೊಂಡರೆ. ಎಚ್‌ಎಲ್‌ಇ-ಬಿ3, ಎಸ್‌ಆರ್‌ಎ01/04 ಎಂಬ ಮಸೂರದ ಕೋಶಸಾಲುಗಳನ್ನು ತಿಳಿಮಸೂರದ ಬದಲಿಗೆ ಇಡುವಂತಿಲ್ಲ: ಎರಡೂ ಎಸ್‌ವಿ40 ವೈರಸ್ಸಿನ ಜೀನ್ ಸೇರಿಸಿ ಬೆಳೆಸಿದವು, ವರ್ಷಗಟ್ಟಲೆ ತಟ್ಟೆಯಲ್ಲಿ ವಿಭಜನೆಯಾದ ಕೋಶದ ಮೀಥೈಲೇಷನ್ ಮೂಲದಂತೆ ಉಳಿದಿರುವುದಿಲ್ಲ. ವಿಧಾನ ಕಲಿಯಲು ಮಾತ್ರ ಅವು ಅಗ್ಗದ ಮಾದರಿ.

ಕೊಳ್ಳುವವರಿಗೆ ಕೊನೆಯ ಮಾತುಗಳು. 50ರ ಪೆಟ್ಟಿಗೆಯಲ್ಲಿ ಬೈಂಡಿಂಗ್ ಬಫರ್ 30 ಮಿಲಿಲೀಟರ್, ಡಿಸಲ್ಫೋನೇಷನ್ ಬಫರ್ 10. ಗುಣಿಸಿ ನೋಡಿದರೆ ಸರಿಯಾಗಿ ಐವತ್ತಕ್ಕೇ ಮುಗಿಯುತ್ತದೆ, ಚೆಲ್ಲಲು ಹನಿಯಿಲ್ಲ. ಪ್ರಮಾಣಮಾದರಿ, ನೀರಿನ ಕಂಟ್ರೋಲ್ ಎಲ್ಲ ಸೇರಿ ಪ್ರತಿ ಓಟಕ್ಕೆ ಮೂರು ಹೋಗುವುದರಿಂದ ಐವತ್ತರ ಪೆಟ್ಟಿಗೆ ನಿಜದಲ್ಲಿ ಮೂವತ್ತೈದು ನಲವತ್ತು ರೋಗಿಗಳಿಗಷ್ಟೇ. ಅಧ್ಯಯನ ಅದಕ್ಕಿಂತ ದೊಡ್ಡದಾಗಿದ್ದರೆ ಒಂದೇ ಲಾಟ್ ಸಂಖ್ಯೆಯ ಪೆಟ್ಟಿಗೆಗಳನ್ನು ಒಟ್ಟಿಗೇ ತರಿಸಿ. ರೀಏಜೆಂಟ್ ಟ್ಯೂಬನ್ನು ಬೆಳಕಿನಿಂದ ಮರೆಮಾಡಿ, ಮುಚ್ಚಳ ತೆರೆದಿಡಬೇಡಿ, ಗಾಳಿ ತಾಗಿದ ಬೈಸಲ್ಫೈಟ್ ಸತ್ವ ಕಳೆದುಕೊಳ್ಳುತ್ತದೆ. ಪರಿವರ್ತಿತ ಡಿಎನ್‌ಎಯನ್ನು ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿಡಿ, ತಿಂಗಳು ಮೀರುವುದಾದರೆ ಮೈನಸ್ 70ಕ್ಕೆ. ಪದೇಪದೇ ಕರಗಿಸಿ ಗಟ್ಟಿ ಮಾಡಿದರೆ ಒಂಟಿ ಎಳೆ ಬೇಗ ಸವೆಯುತ್ತದೆ. ಬೈಂಡಿಂಗ್ ಬಫರಿನ ತ್ಯಾಜ್ಯದಲ್ಲಿ ಗ್ವಾನಿಡಿನ್ ಲವಣವಿದೆ, ಅದರ ಡಬ್ಬಿಗೆ ಬ್ಲೀಚ್ ಸುರಿಯಬಾರದು, ವಿಷಾನಿಲ ಏಳುತ್ತದೆ.